ತೂಕದ ಜೊತೆಗೊಂದು ದಾರ

(ಮೈಸೂರಿನ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳನ್ನು ಬರೆದಿಟ್ಟಿದ್ದೇನೆ. ನಡುನಡುವೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ಒಬ್ಬ ತಾಯಿ ಬಿಪಿ ತೋರಿಸೋಕೆ ನನ್ನ ಕ್ಲಿನಿಕ್‌ಗೆ ಬಂದರು. ಯಾವಾಗಲೂ 130ರ ಆಸುಪಾಸಿನಲ್ಲಿ ಇರುವ ಬಿಪಿ ಅವತ್ತು 160 ಇತ್ತು. "ಏನಮ್ಮಾ, ರಾತ್ರಿ ನಿದ್ದೆ ಮಾಡಿಲ್ವಾ?" ಅಂದೆ. ಅವರ ಕಣ್ಣು ತುಂಬಿಕೊಂಡಿತು. ಅಮೆರಿಕದಲ್ಲಿರುವ ಮಗಳು ಫೋನ್ ಮಾಡಿದ್ದಳಂತೆ. "ಅಮ್ಮಾ, ನಾನು 138 ಆಗಿಬಿಟ್ಟಿದ್ದೀನಿ, ಊಟ ಕಮ್ಮಿ ಮಾಡ್ಬೇಕು" ಅಂದಳಂತೆ. ಇವರು ರಾತ್ರಿಯೆಲ್ಲ ಮಗಳನ್ನು 138 ಕೆ.ಜಿ. ಅಂತ ಕಲ್ಪಿಸಿಕೊಂಡು ಮಗ್ಗುಲು ಬದಲಿಸಿದ್ದಾರೆ.

"ಅದು ಪೌಂಡ್ ಅಮ್ಮಾ, ಕೆ.ಜಿ. ಅಲ್ಲ. ಮಗಳ ಎತ್ತರ ಎಷ್ಟು?" ಅಂತ ಕೇಳಿದೆ. ಐದು ಅಡಿ ಐದು ಇಂಚು ಅಂದರು. ಕಾಗದದ ಮೇಲೆ ಬರೆದು ತೋರಿಸಿದೆ. 138 ಪೌಂಡ್ ಅಂದರೆ 62.6 ಕೆ.ಜಿ. ಆ ಎತ್ತರಕ್ಕೆ ಇದು ಸರಿಯಾದ ತೂಕದ ಮೇಲಿನ ಗೆರೆಗೆ ಹತ್ತಿರ ಇದೆ, ಆದರೂ ಗೆರೆಯ ಒಳಗೇ ಇದೆ. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ಬಿಪಿ ನೋಡಿದೆ. 136ಕ್ಕೆ ಇಳಿದಿತ್ತು.

ಇವತ್ತು ನಿಮ್ಮ ಹತ್ತಿರ ಮಾತಾಡಬೇಕು ಅನ್ನಿಸಿದ್ದು ಅವತ್ತೇ. ತೂಕದ ಯಂತ್ರದ ಮೇಲೆ ನಿಂತರೆ ಒಂದು ಅಂಕಿ ಬರುತ್ತದೆ. ಆ ಅಂಕಿ ನೋಡಿ ಕೆಲವರು ಹೆದರುತ್ತಾರೆ, ಕೆಲವರು ಹಾಯಾಗಿ ಮನೆಗೆ ಹೋಗುತ್ತಾರೆ. ಆದರೆ ಬರೀ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಅದು ಯಾವ ಅಳತೆಯಲ್ಲಿದೆ, ಎಷ್ಟು ಎತ್ತರದ ಮನುಷ್ಯರದ್ದು, ಆ ತೂಕ ಮೈಯಲ್ಲಿ ಎಲ್ಲಿ ಕೂತಿದೆ, ಇಷ್ಟು ಗೊತ್ತಾಗಬೇಕು. ಅದರಲ್ಲೂ ನಮ್ಮ ಜನಕ್ಕೆ ಕೊನೆಯ ಪ್ರಶ್ನೆ ಬಹಳ ಮುಖ್ಯ.

ಮನುಷ್ಯರನ್ನು ತೂಗುವುದು ನಮಗೆ ಹೊಸದೇನಲ್ಲ. ಹಂಪಿಗೆ ಹೋದವರು ವಿಠ್ಠಲ ದೇವಸ್ಥಾನದ ಹತ್ತಿರ ಎರಡು ಎತ್ತರದ ಕಲ್ಲುಕಂಬ, ಅದರ ಮೇಲೊಂದು ಅಡ್ಡ ತೊಲೆ ನೋಡಿರುತ್ತೀರಿ. ಅದು ರಾಜರ ತುಲಾಭಾರದ ಜಾಗ. ಉಡುಪಿಯಲ್ಲಿ, ಧರ್ಮಸ್ಥಳದಲ್ಲಿ ಹರಕೆ ಹೊತ್ತವರು ಇವತ್ತಿಗೂ ಅಕ್ಕಿಯಲ್ಲೋ ಬೆಲ್ಲದಲ್ಲೋ ತೆಂಗಿನಕಾಯಿಯಲ್ಲೋ ತೂಗಿಸಿಕೊಳ್ಳುತ್ತಾರೆ. ತುಲಾಭಾರದಲ್ಲಿ ನನಗೆ ಇಷ್ಟವಾಗುವುದು ಒಂದು ವಿಷಯ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿದೆ ಅಂತ ಎಲ್ಲರಿಗೂ ಕಾಣುತ್ತದೆ. ಈಗಿನ ಗಾಜಿನ ಯಂತ್ರದಲ್ಲಿ ಆ ತಟ್ಟೆ ಕಾಣುವುದಿಲ್ಲ. ಅಂಕಿಯ ಪಕ್ಕ ಸಣ್ಣದಾಗಿ ಬರೆದಿರುವ ಕೆ.ಜಿ. ಅಥವಾ ಪೌಂಡ್ ಅನ್ನೋ ಗುರುತೇ ಆ ಇನ್ನೊಂದು ತಟ್ಟೆ. ಅದನ್ನು ನೋಡದೆ ತೂಕ ಓದಬಾರದು.

ನಮ್ಮ ಹಿರಿಯರು ಈ ಗೊಂದಲವನ್ನು ದಿನಾ ಅನುಭವಿಸಿದವರು. ಬ್ರಿಟಿಷರ ಸರ್ಕಾರಿ ಲೆಕ್ಕದಲ್ಲಿ 80 ತೊಲಕ್ಕೆ ಒಂದು ಸೇರು, 40 ಸೇರಿಗೆ ಒಂದು ಮಣ. ಆ ಮಣ 37.32 ಕೆ.ಜಿ. ಮದ್ರಾಸಿನ ಮಣ ಬೇರೆ, ಅದು 25 ಪೌಂಡ್, ಅಂದರೆ 11.34 ಕೆ.ಜಿ. ಹಾಗಾಗಿ "ಎರಡು ಮಣ ತೂಗುತ್ತಾನೆ" ಅಂದರೆ ಒಂದು ಲೆಕ್ಕದಲ್ಲಿ 75 ಕೆ.ಜಿ.ಯ ಗಂಡಸು, ಇನ್ನೊಂದು ಲೆಕ್ಕದಲ್ಲಿ ಶಾಲೆಗೆ ಹೋಗುವ ಮಗು. 1956ರಲ್ಲಿ ಕಾಯ್ದೆ ಬಂತು, 1958ರ ಅಕ್ಟೋಬರ್‌ನಿಂದ ಮೆಟ್ರಿಕ್ ತೂಕ ಶುರುವಾಯಿತು, 1962ರ ಏಪ್ರಿಲ್‌ಗೆ ಹಳೆಯ ತೂಕಗಳನ್ನು ನಿಲ್ಲಿಸಿದರು. ಅಂಗಡಿಯಿಂದ ಮಣ ಹೋಯಿತು, ಬಾಯಿಂದ ಮಾತ್ರ ಬೇಗ ಹೋಗಲಿಲ್ಲ. ಹೆರಿಗೆ ಮನೆಯಲ್ಲಿ ಪೌಂಡ್ ಬಹಳ ಕಾಲ ಉಳಿದುಕೊಂಡಿತು. "ಆರು ಪೌಂಡಿನ ಮಗು" ಅಂತ ಹೇಳುವ ಅಜ್ಜಿಯರು ಈ ಸಭೆಯಲ್ಲೂ ಇದ್ದೀರಿ.

ಈಗ ಲೆಕ್ಕಕ್ಕೆ ಬರೋಣ. ಕಾಗದ ಪೆನ್ನು ಬೇಡ. ಒಂದು ಪೌಂಡ್ ಅಂದರೆ 0.4536 ಕೆ.ಜಿ. ಇದನ್ನು ನೆನಪಿಟ್ಟುಕೊಳ್ಳುವುದು ಕಷ್ಟ. ಅದರ ಬದಲು ಹೀಗೆ ಮಾಡಿ. ಪೌಂಡನ್ನು ಅರ್ಧ ಮಾಡಿ, ಬಂದದ್ದರಲ್ಲಿ ಹತ್ತನೇ ಒಂದು ಪಾಲು ಕಳೆಯಿರಿ. 150 ಪೌಂಡ್ ಇದ್ದರೆ ಅರ್ಧ 75. ಅದರ ಹತ್ತನೇ ಒಂದು ಪಾಲು ಏಳೂವರೆ. ಕಳೆದರೆ 67.5. ನಿಜವಾದ ಉತ್ತರ 68. ಅರ್ಧ ಕೆ.ಜಿ. ವ್ಯತ್ಯಾಸ, ಅಷ್ಟೇ. ತಿರುಗಿ ಹೋಗಬೇಕಾದರೆ ಕೆ.ಜಿ.ಯನ್ನು ಎರಡರಷ್ಟು ಮಾಡಿ, ಬಂದದ್ದರ ಹತ್ತನೇ ಒಂದು ಪಾಲು ಕೂಡಿಸಿ. 60 ಕೆ.ಜಿ. ಎರಡರಷ್ಟು 120, ಅದಕ್ಕೆ 12 ಸೇರಿಸಿದರೆ 132 ಪೌಂಡ್.

ಇಂಗ್ಲೆಂಡಿನಲ್ಲಿ ಮಕ್ಕಳಿರುವವರು ಯಾರಾದರೂ ಇದ್ದೀರಾ? ಅಲ್ಲಿ ಜನ ತಮ್ಮ ಮೈತೂಕವನ್ನು ಸ್ಟೋನ್‌ನಲ್ಲಿ ಹೇಳುತ್ತಾರೆ. ಒಂದು ಸ್ಟೋನ್‌ಗೆ 14 ಪೌಂಡ್, ಅಂದರೆ 6.35 ಕೆ.ಜಿ. "ಹನ್ನೊಂದು ಸ್ಟೋನ್ ಆರು" ಅಂದರೆ 11 ಸ್ಟೋನ್, ಮೇಲೆ 6 ಪೌಂಡ್. 11ನ್ನು 14ರಿಂದ ಗುಣಿಸಿ, 6 ಕೂಡಿಸಿ, 160 ಪೌಂಡ್. ಅರ್ಧ 80, ಅದರಲ್ಲಿ 8 ಕಳೆದರೆ 72 ಕೆ.ಜಿ. ಆಗುತ್ತದೆ.

ಬಾಯಿಲೆಕ್ಕ ನಮ್ಮ ಮಾತುಕತೆಗೆ ಸಾಕು. ಮಕ್ಕಳ ಔಷಧಿಗೆ ಮಾತ್ರ ಸಾಲದು. ಇದನ್ನು ಒತ್ತಿ ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ನರ್ಸಿಂಗ್ ಹೋಮ್‌ನಲ್ಲಿ ನಡೆದದ್ದು. ವಿದೇಶದಿಂದ ರಜಕ್ಕೆ ಬಂದಿದ್ದ ದಂಪತಿ ಜ್ವರ ಬಂದ ಮಗುವನ್ನು ಕರೆದುಕೊಂಡು ಬಂದರು. ತೂಕ ಎಷ್ಟು ಅಂತ ಕೇಳಿದಾಗ ತಂದೆ "24" ಅಂದರು. ಚೀಟಿಯಲ್ಲಿ 24 ಕೆ.ಜಿ. ಅಂತ ಬರೆದಾಯಿತು. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಒಂದು ಕೆ.ಜಿ.ಗೆ 10ರಿಂದ 15 ಮಿಲಿಗ್ರಾಂ ಲೆಕ್ಕ. 24 ಕೆ.ಜಿ.ಗೆ 360 ಮಿಲಿಗ್ರಾಂ ಅಂತ ಬರೆದೆ. ಬರೆದ ಮೇಲೆ ಮಗುವನ್ನು ನೋಡಿದೆ. ಒಂದು ವರ್ಷ ದಾಟಿದ ಮಗು, ತಾಯಿಯ ತೋಳಲ್ಲಿ ಮಲಗಿತ್ತು. 24 ಕೆ.ಜಿ. ಹೇಗೆ ಆಗುತ್ತೆ? ಮಗುವನ್ನು ತೂಗಿದರೆ 11 ಕೆ.ಜಿ.ಗೂ ಸ್ವಲ್ಪ ಕಡಿಮೆ. ತಂದೆ ಹೇಳಿದ್ದು ಪೌಂಡ್. ಕೊಡಬೇಕಾಗಿದ್ದು 160 ಮಿಲಿಗ್ರಾಂ ಸುತ್ತಮುತ್ತ. ದಿನಕ್ಕೆ ನಾಲ್ಕು ಸಲದಂತೆ ಎರಡು ಮೂರು ದಿನ ಆ ಎರಡು ಪಟ್ಟು ಔಷಧಿ ಹೋಗಿದ್ದರೆ ಮಗುವಿನ ಲಿವರ್‌ಗೆ ಪೆಟ್ಟು ಬೀಳಬಹುದಿತ್ತು. ಅವತ್ತಿನಿಂದ ಬಾಯಲ್ಲಿ ಹೇಳಿದ ತೂಕಕ್ಕೆ ನಾನು ಔಷಧಿ ಬರೆದಿಲ್ಲ. ನೀವೂ ಮಗುವನ್ನು ತೂಗಿಸದೆ ಔಷಧಿ ಬರೆಸಿಕೊಳ್ಳಬೇಡಿ. ಕೇಳುವುದಕ್ಕೆ ಸಂಕೋಚ ಬೇಡ.

ಎತ್ತರದ ವಿಷಯಕ್ಕೆ ಬಂದರೆ ಅಲ್ಲಿ ಇನ್ನೊಂದು ಗುಂಡಿ ಇದೆ. ತೂಕವನ್ನು ಕೆ.ಜಿ.ಯಲ್ಲಿ ಹೇಳುವ ನಾವು ಎತ್ತರವನ್ನು ಮಾತ್ರ ಅಡಿ ಇಂಚುಗಳಲ್ಲೇ ಹೇಳುತ್ತೇವೆ. ಐದು ಅಡಿ ಹತ್ತು ಇಂಚನ್ನು 5.10 ಅಂತ ಬರೆಯುತ್ತೇವೆ. ಫೋನಿನಲ್ಲಿ ಅದನ್ನೇ ಒತ್ತಿದರೆ ಯಂತ್ರ ಅದನ್ನು 5.1 ಅಡಿ ಅಂತ ತಿಳಿಯುತ್ತದೆ. ಅಂದರೆ ಐದು ಅಡಿ ಒಂದು ಇಂಚು ಚಿಲ್ಲರೆ. 178 ಸೆಂಟಿಮೀಟರ್ ಎತ್ತರದ ಹುಡುಗ ಒಂದೇ ಏಟಿಗೆ 155 ಸೆಂಟಿಮೀಟರ್ ಆಗಿಬಿಡುತ್ತಾನೆ. 75 ಕೆ.ಜಿ. ತೂಕದ ಅವನ ಬಿಎಂಐ, ಅಂದರೆ ತೂಕ ಎತ್ತರಕ್ಕೆ ತಕ್ಕದ್ದಾ ಅಂತ ಹೇಳುವ ಅಂಕಿ, 23.7ರ ಬದಲು 31 ಅಂತ ಬರುತ್ತದೆ. ಇಂಥ ಒಬ್ಬ ಹುಡುಗ ನಿಜವಾಗಿಯೂ ಗಾಬರಿಯಿಂದ ನನ್ನ ಹತ್ತಿರ ಬಂದಿದ್ದ. ಅಡಿಗೆ 12 ಇಂಚು ಅನ್ನೋದು ದಶಮಾಂಶಕ್ಕೆ ಹೊಂದುವುದಿಲ್ಲ. ಅದಕ್ಕೇ ಎತ್ತರವನ್ನು ಸೆಂಟಿಮೀಟರ್‌ನಲ್ಲೇ ಅಳೆದು ಬರೆದಿಟ್ಟುಕೊಳ್ಳಿ. ಚಪ್ಪಲಿ ಬಿಟ್ಟು ಗೋಡೆಗೆ ಬೆನ್ನು ಹಚ್ಚಿ ನಿಲ್ಲಿ, ತಲೆ ಮೇಲೆ ಒಂದು ಪುಸ್ತಕ ಅಡ್ಡ ಇಟ್ಟು ಗೋಡೆಗೆ ಗುರುತು ಹಾಕಿಸಿ, ಟೇಪ್ ಹಿಡಿಯಿರಿ. ಮದುವೆ ಸಂಬಂಧ ನೋಡುವಾಗ ಹೇಳಿದ ಎತ್ತರ ಬೇಡ. ಅರವತ್ತು ದಾಟಿದವರು ಹೊಸದಾಗಿ ಅಳೆಯಿರಿ, ವಯಸ್ಸಾದಂತೆ ಎತ್ತರ ಕುಗ್ಗುತ್ತದೆ.

ಬಿಎಂಐ ಅಂದೆ. ಅದನ್ನು ಬಿಡಿಸಿ ಹೇಳುತ್ತೇನೆ. ತೂಕವನ್ನು ಮೀಟರ್‌ನಲ್ಲಿರುವ ಎತ್ತರದಿಂದ ಭಾಗಿಸಿ, ಬಂದದ್ದನ್ನು ಇನ್ನೊಮ್ಮೆ ಅದೇ ಎತ್ತರದಿಂದ ಭಾಗಿಸಿ. ಫೋನಿನ ಕ್ಯಾಲ್ಕುಲೇಟರ್ ಸಾಕು. 64 ಕೆ.ಜಿ., 163 ಸೆಂಟಿಮೀಟರ್ ಇದ್ದರೆ 64ನ್ನು 1.63ರಿಂದ ಭಾಗಿಸಿ, ಮತ್ತೆ 1.63ರಿಂದ ಭಾಗಿಸಿ. 24 ಬರುತ್ತದೆ.

ಎರಡು ಸಲ ಯಾಕೆ ಭಾಗಿಸಬೇಕು ಅಂತ ಮುಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿ ಕೇಳಿದ. ಒಳ್ಳೆಯ ಪ್ರಶ್ನೆ. ಒಂದು ಉಂಡೆಯನ್ನು ಎಲ್ಲ ಕಡೆಗೂ ಎರಡರಷ್ಟು ದೊಡ್ಡದು ಮಾಡಿದರೆ ತೂಕ ಎಂಟು ಪಟ್ಟು ಆಗುತ್ತದೆ. ಉದ್ದ, ಅಗಲ, ದಪ್ಪ ಮೂರೂ ಬೆಳೆಯುತ್ತವಲ್ಲ, ಅದಕ್ಕೆ. ಆದರೆ ಎತ್ತರದ ಮನುಷ್ಯ ಕುಳ್ಳ ಮನುಷ್ಯನ ದೊಡ್ಡ ಅಚ್ಚಲ್ಲ. ಎತ್ತರಕ್ಕೆ ಬೆಳೆದಷ್ಟು ಅಗಲಕ್ಕೆ ಬೆಳೆದಿರುವುದಿಲ್ಲ. ದೊಡ್ಡವರ ತೂಕ ಹೆಚ್ಚುಕಡಿಮೆ ಎತ್ತರದ ವರ್ಗದ, ಅಂದರೆ ಎತ್ತರವನ್ನು ಎತ್ತರದಿಂದಲೇ ಗುಣಿಸಿದ ಲೆಕ್ಕದಲ್ಲಿ ಏರುತ್ತದೆ ಅಂತ 1830ರ ದಶಕದಲ್ಲಿ ಕಂಡುಕೊಂಡವನು ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ. ಅವನು ವೈದ್ಯನಲ್ಲ. ನಕ್ಷತ್ರ ನೋಡುವವನು, ಅಂಕಿಸಂಖ್ಯೆಯ ಪಂಡಿತ. ಜನಸಮೂಹದಲ್ಲಿ ಸರಾಸರಿ ಮನುಷ್ಯ ಹೇಗಿರುತ್ತಾನೆ ಅನ್ನೋದು ಅವನ ಕುತೂಹಲ. ಬೊಜ್ಜು ಅವನ ವಿಷಯವೇ ಆಗಿರಲಿಲ್ಲ.

ಆಮೇಲೆ ಅಮೆರಿಕದ ಜೀವವಿಮೆ ಕಂಪನಿಗಳು ತಮ್ಮ ಪಾಲಿಸಿದಾರರ ಲೆಕ್ಕದಿಂದ ಎತ್ತರ ತೂಕದ ಪಟ್ಟಿ ಮಾಡಿದವು. ಯಾವ ತೂಕದವರು ಜಾಸ್ತಿ ದಿನ ಬದುಕುತ್ತಾರೆ ಅನ್ನೋದು ಅವರಿಗೆ ವ್ಯಾಪಾರದ ಪ್ರಶ್ನೆ. 1972ರಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ ಕೆಟ್ಲೆಯ ಹಳೆಯ ಲೆಕ್ಕವನ್ನು ಎತ್ತಿಕೊಂಡು ಅದಕ್ಕೆ ಬಾಡಿ ಮಾಸ್ ಇಂಡೆಕ್ಸ್ ಅಂತ ಹೆಸರಿಟ್ಟರು. ಐದು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಗಂಡಸರನ್ನು ಅಳೆದು ನೋಡಿದ್ದರು. ಆ ಐದರಲ್ಲಿ ಭಾರತ ಇರಲಿಲ್ಲ. ಹೆಂಗಸರು ಇರಲಿಲ್ಲ. ಇದನ್ನು ದೂರು ಅಂತ ಹೇಳುತ್ತಿಲ್ಲ. ಮುಂದೆ ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿಗೆಲ್ಲ 18.5ರಿಂದ 25ರ ಒಳಗೆ ಸರಿ, 30 ದಾಟಿದರೆ ಬೊಜ್ಜು ಅಂತ ಗೆರೆ ಎಳೆದಾಗ ನಮ್ಮ ಮೈಗೆ ಆ ಗೆರೆ ಯಾಕೆ ಸರಿಯಾಗಿ ಕೂರಲಿಲ್ಲ ಅನ್ನೋದಕ್ಕೆ ಹೇಳಿದೆ.

ಈಗ ನಮ್ಮೂರಿನ ಕಥೆಗೆ ಬರುತ್ತೇನೆ. ಇದನ್ನು ಹೇಳುವಾಗ ನನಗೆ ಯಾವಾಗಲೂ ಹೆಮ್ಮೆ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ ನಿಮಗೆಲ್ಲ ಗೊತ್ತು. ನಾವು ಮಿಷನ್ ಆಸ್ಪತ್ರೆ ಅನ್ನುತ್ತೇವೆ. ಅಲ್ಲಿ 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. ಯಾವುದೋ ಹೊತ್ತಿನಲ್ಲಿ, ಯಾವುದೋ ನರ್ಸ್ ಆಗತಾನೇ ಹುಟ್ಟಿದ ಕೂಸನ್ನು ತೂಗಿ ಪುಸ್ತಕದಲ್ಲಿ ಬರೆದ ಅಂಕಿಗಳು ಅವು. ಆ ಪುಸ್ತಕಗಳನ್ನು ಯಾರೂ ಎಸೆಯಲಿಲ್ಲ. 1990ರ ದಶಕದಲ್ಲಿ ಇಲ್ಲಿನ ಮತ್ತು ಇಂಗ್ಲೆಂಡಿನ ವೈದ್ಯರು ಸೇರಿ ಆ ಪುಸ್ತಕಗಳನ್ನು ತೆರೆದರು. ಅದರಲ್ಲಿದ್ದ ಕೂಸುಗಳು ಆಗ ನಡುವಯಸ್ಸಿನವರು. ಅವರಲ್ಲಿ ಆಸ್ಪತ್ರೆಯ ಆಸುಪಾಸಿನಲ್ಲೇ ಇದ್ದ 517 ಜನರನ್ನು ಹುಡುಕಿ ಹೃದಯದ ಪರೀಕ್ಷೆ ಮಾಡಿದರು. 1996ರಲ್ಲಿ ಅದರ ವಿವರ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ಇದ್ದವರ ಪೈಕಿ ನೂರಕ್ಕೆ 11 ಜನಕ್ಕೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. 3.1 ಕೆ.ಜಿ. ಅಥವಾ ಹೆಚ್ಚಿದ್ದವರಲ್ಲಿ ನೂರಕ್ಕೆ 3. ಹುಟ್ಟಿದ ದಿನದ ತೂಕ ಐವತ್ತು ವರ್ಷ ಆದ ಮೇಲೂ ಮಾತಾಡುತ್ತಿತ್ತು.

ಮುಂದೆ ಅದೇ ಆಸ್ಪತ್ರೆಯಲ್ಲಿ ಇನ್ನೊಂದು ಅಧ್ಯಯನ ಶುರುವಾಯಿತು. ಅದಕ್ಕೆ ಪಾರ್ಥೆನಾನ್ ಅಂತ ಹೆಸರು. ಮೈಸೂರಿನ ಕೂಸುಗಳನ್ನು ಇಂಗ್ಲೆಂಡಿನ ಕೂಸುಗಳ ಅಳತೆಗೆ ಹೋಲಿಸಿದರು. ನಮ್ಮ ಮಕ್ಕಳು ತೂಕದಲ್ಲಿ ಕಡಿಮೆ, ಉದ್ದದಲ್ಲೂ ಕಡಿಮೆ. ಆದರೆ ಬೆನ್ನಿನ ಮೇಲ್ಭಾಗದಲ್ಲಿ ಚರ್ಮವನ್ನು ಚಿವುಟಿ ಹಿಡಿದು ಕೊಬ್ಬು ಅಳೆದರೆ, ಆ ಕೊಬ್ಬು ಮಾತ್ರ ಅಷ್ಟು ಕಡಿಮೆ ಇರಲಿಲ್ಲ. ನಾಲ್ಕು ವರ್ಷ ಆದ ಮೇಲೂ ಹಾಗೇ ಇತ್ತು. ಪುಣೆಯಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡಕ್ಕೂ ಇದೇ ಕಂಡಿತ್ತು. ನೋಡೋಕೆ ಸಣ್ಣ, ಒಳಗೆ ಕೊಬ್ಬು. ಅವರು ಮತ್ತು ಅವರ ಇಂಗ್ಲಿಷ್ ಗೆಳೆಯ ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತ ಒಂದು ಫೋಟೊ 2004ರಲ್ಲಿ ಒಂದು ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಇಬ್ಬರ ಬಿಎಂಐಯೂ 22.3. ಮೈಯಲ್ಲಿದ್ದ ಕೊಬ್ಬು ಒಬ್ಬರದು ನೂರಕ್ಕೆ 9.1, ಇನ್ನೊಬ್ಬರದು ನೂರಕ್ಕೆ 21.2. ಜಾಸ್ತಿ ಇದ್ದದ್ದು ನಮ್ಮವರದು.

ಈ ಫೋಟೊವನ್ನು ನಾನು ಕ್ಲಿನಿಕ್‌ನಲ್ಲಿ ಎಷ್ಟೋ ಜನರಿಗೆ ತೋರಿಸಿದ್ದೇನೆ. ಯಾಕೆ ಅಂದರೆ "ನಾನು ಸಣ್ಣಗಿದ್ದೀನಿ ಡಾಕ್ಟ್ರೇ, ನನಗೆ ಹೇಗೆ ಸಕ್ಕರೆ ಕಾಯಿಲೆ ಬರುತ್ತೆ?" ಅನ್ನೋ ಮಾತು ವಾರಕ್ಕೆ ಒಂದಾದರೂ ಕೇಳುತ್ತೇನೆ. ಕೆಲಸದಿಂದ ನಿವೃತ್ತರಾದ ಒಬ್ಬರು ಬಂದಿದ್ದರು. 170 ಸೆಂಟಿಮೀಟರ್, 62 ಕೆ.ಜಿ. ಬಿಎಂಐ 21.5. ಯಾವ ಪಟ್ಟಿಯಲ್ಲಿ ನೋಡಿದರೂ ಸರಿ. ಕೈಕಾಲು ಕಡ್ಡಿಯ ಹಾಗೆ. ಅಂಗಿಯ ಕೆಳಗೆ ಮಾತ್ರ ಹೊಟ್ಟೆ. ಟೇಪ್ ಹಿಡಿದರೆ 94 ಸೆಂಟಿಮೀಟರ್. ಖಾಲಿ ಹೊಟ್ಟೆಯ ಸಕ್ಕರೆ 148. ಅವರು ಐದಾರು ವರ್ಷ ಯಂತ್ರದ ಮೇಲೆ ನಿಂತು 62 ಅಂತ ನೋಡಿಕೊಂಡು ಸಮಾಧಾನದಿಂದಿದ್ದರು. ಅವರನ್ನು ಯಾರೂ ಎಚ್ಚರಿಸಿರಲಿಲ್ಲ. ನನಗೆ ಅವತ್ತು ತುಂಬಾ ಬೇಜಾರಾಯಿತು.

ಅದಕ್ಕೇ ನಮಗೆ ಗೆರೆ ಸ್ವಲ್ಪ ಕೆಳಗೆ. 2009ರಲ್ಲಿ ನಮ್ಮ ದೇಶದ ತಜ್ಞರು ಸೇರಿ ಒಪ್ಪಿದ ಲೆಕ್ಕದಲ್ಲಿ ಬಿಎಂಐ 18.5ರಿಂದ 23ರ ಒಳಗಿದ್ದರೆ ಸರಿ. 23 ದಾಟಿದರೆ ತೂಕ ಜಾಸ್ತಿ. 25 ದಾಟಿದರೆ ಬೊಜ್ಜು. ಫೋನಿನ ಎಷ್ಟೋ ಆ್ಯಪ್‌ಗಳು ಇನ್ನೂ 25ರವರೆಗೆ ಹಸಿರು ಬಣ್ಣ ತೋರಿಸುತ್ತವೆ. ಅದು ನಮಗೆ ಅಳೆದು ಹೊಲಿದದ್ದಲ್ಲ.

ಇದನ್ನು ಮನೆಯಲ್ಲಿ ನೆನಪಿಡುವ ದಾರಿ ಒಂದು ಹೇಳುತ್ತೇನೆ, ಬರೆದುಕೊಳ್ಳಿ. ಐದು ಅಡಿ ಎತ್ತರಕ್ಕೆ 43 ಮತ್ತು 53. ಕೆಳಗಿನ ಗೆರೆ 43 ಕೆ.ಜಿ., ಮೇಲಿನ ಗೆರೆ 53 ಕೆ.ಜಿ. ಅಲ್ಲಿಂದ ಮೇಲೆ ಒಂದೊಂದು ಇಂಚಿಗೂ ಕೆಳಗಿನ ಗೆರೆಗೆ ಒಂದೂವರೆ ಕೆ.ಜಿ., ಮೇಲಿನ ಗೆರೆಗೆ ಎರಡು ಕೆ.ಜಿ. ಸೇರಿಸುತ್ತಾ ಹೋಗಿ. ಐದು ಅಡಿ ನಾಲ್ಕು ಇಂಚು ಇದ್ದರೆ 43ಕ್ಕೆ 6 ಸೇರಿಸಿ 49, 53ಕ್ಕೆ 8 ಸೇರಿಸಿ 61. ಐದು ಅಡಿ ಎಂಟು ಇಂಚಿಗೆ 55ರಿಂದ 69. ಐದು ಅಡಿಗಿಂತ ಕಡಿಮೆ ಇದ್ದರೆ ಅದೇ ಲೆಕ್ಕದಲ್ಲಿ ಕಳೆಯಿರಿ. ಎಷ್ಟೋ ಎತ್ತರಗಳಿಗೆ ಕ್ಯಾಲ್ಕುಲೇಟರ್ ಹಿಡಿದು ತಾಳೆ ನೋಡಿದ್ದೇನೆ, ಒಂದು ಕೆ.ಜಿ.ಗಿಂತ ಜಾಸ್ತಿ ತಪ್ಪಲಿಲ್ಲ. ಎತ್ತರದಲ್ಲಿ ನೂರು ಕಳೆದರೆ ತೂಕ ಅಂತ ಇನ್ನೊಂದು ಹಳೆಯ ಲೆಕ್ಕ ಕೇಳಿರುತ್ತೀರಿ. ಫ್ರಾನ್ಸಿನ ಬ್ರೋಕಾ ಅನ್ನುವ ವೈದ್ಯನ ಹೆಸರಿನದು. ಕುಳ್ಳಗಿರುವವರಿಗೆ ಅದು ಪರವಾಗಿಲ್ಲ. ಎತ್ತರ ಜಾಸ್ತಿ ಆದಂತೆ ನಮಗೆ ಅದು ಸಡಿಲ. 180 ಸೆಂಟಿಮೀಟರ್ ಇರುವವರಿಗೆ 80 ಕೆ.ಜಿ. ಅನ್ನುತ್ತದೆ, ನಮ್ಮ ಗೆರೆಗಿಂತ ಐದು ಕೆ.ಜಿ. ಮೇಲೆ.

ಈ ಲೆಕ್ಕ ಯಾರಿಗೆ ಹೊಂದುವುದಿಲ್ಲ ಅಂತಲೂ ಹೇಳಬೇಕು. ಬಸುರಿಯರಿಗೆ ಬೇಡ. ಹದಿನೆಂಟು ತುಂಬದ ಮಕ್ಕಳಿಗೆ ಬೇಡ. ಅವರಿಗೆ ವಯಸ್ಸಿನ ಪ್ರಕಾರ ಬೆಳವಣಿಗೆಯ ಪಟ್ಟಿ ಬೇರೆ ಇದೆ. ಅಂಗನವಾಡಿಯಲ್ಲಿ ಪ್ರತಿ ತಿಂಗಳು ತೂಗಿ ಚುಕ್ಕಿ ಇಡುವುದು ಅದರಲ್ಲೇ. ಒಂದು ಚುಕ್ಕಿಯಿಂದ ಗಾಬರಿಯಾಗಬೇಡಿ, ಚುಕ್ಕಿಗಳು ಸೇರಿ ಮೇಲಕ್ಕೆ ಹೋಗುತ್ತಿವೆಯಾ ಅಂತ ನೋಡಿ.

ಹಿಂದಿನ ಸಾಲಿನ ತರುಣರೊಬ್ಬರು ಎದ್ದು ನಿಂತು ಕೇಳಿದರು. "ನಾನು ದಿನಾ ಗರಡಿಗೆ ಹೋಗುತ್ತೇನೆ. 175 ಸೆಂಟಿಮೀಟರ್, 83 ಕೆ.ಜಿ. ನಿಮ್ಮ ಲೆಕ್ಕದಲ್ಲಿ ನನಗೆ ಬೊಜ್ಜಾ?" ಬಿಎಂಐ 27 ಆಗುತ್ತದೆ. ನಮ್ಮ ಮೈಸೂರಿನ ಗರಡಿಯ ಹುಡುಗರನ್ನು ನೋಡಿದವರಿಗೆ ಉತ್ತರ ಗೊತ್ತು. ಸೊಂಟ ಎಷ್ಟು ಅಂದೆ. 82 ಅಂದರು. ಅದು ಮಾಂಸಖಂಡದ ತೂಕ. ಯಂತ್ರಕ್ಕೆ ಕೊಬ್ಬೂ ಒಂದೇ, ಮಾಂಸವೂ ಒಂದೇ. ಟೇಪ್‌ಗೆ ವ್ಯತ್ಯಾಸ ಗೊತ್ತಾಗುತ್ತದೆ.

ಇನ್ನೊಂದು ಕಡೆಯನ್ನು ಮರೆಯಬಾರದು. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಹೆಂಗಸರಲ್ಲಿ ನೂರಕ್ಕೆ 24 ಜನರ ಬಿಎಂಐ 25 ಅಥವಾ ಜಾಸ್ತಿ. ಅದೇ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 19 ಹೆಂಗಸರು 18.5ಕ್ಕಿಂತ ಕೆಳಗೆ. ಎರಡೂ ನಮ್ಮ ಬೀದಿಯಲ್ಲೇ ಇವೆ, ಕೆಲವು ಸಲ ಒಂದೇ ಮನೆಯಲ್ಲಿ ಇವೆ. ಇಪ್ಪತ್ತು ವರ್ಷದ ಒಬ್ಬ ಹುಡುಗಿಯನ್ನು ಅವಳ ಅಮ್ಮ ಕರೆದುಕೊಂಡು ಬಂದಿದ್ದರು. 158 ಸೆಂಟಿಮೀಟರ್, 41 ಕೆ.ಜಿ. ಇರಬೇಕಾದ ಕೆಳಗಿನ ಗೆರೆ 46. ಬೆಳಿಗ್ಗೆ ತಿಂಡಿ ಬಿಟ್ಟು ವರ್ಷ ಆಗಿತ್ತು. ಮೂರು ತಿಂಗಳಿಂದ ಮುಟ್ಟು ನಿಂತಿತ್ತು. ಆದರೂ ಅವಳಿಗೆ ತಾನು ದಪ್ಪ ಅನ್ನೋ ಚಿಂತೆ. ಯಾರೋ ಮದುವೆ ಮನೆಯಲ್ಲಿ "ಸ್ವಲ್ಪ ದಪ್ಪ ಆಗಿದ್ದೀಯಲ್ಲ" ಅಂದಿದ್ದರಂತೆ. ದಯವಿಟ್ಟು ಹೀಗೆ ಅನ್ನಬೇಡಿ. ಊರಿಂದ ಬಂದ ಮಕ್ಕಳನ್ನು ಬಾಗಿಲಲ್ಲೇ "ಯಾಕೆ ಇಷ್ಟು ಇಳಿದುಹೋಗಿದ್ದೀಯಾ" ಅಂತಲೂ ಅನ್ನಬೇಡಿ. ಅಂಥವರನ್ನು ಬೈಯದೆ, ಹಂಗಿಸದೆ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ವಯಸ್ಸಾದವರ ಬಗ್ಗೆಯೂ ಒಂದು ಮಾತು. ಎಪ್ಪತ್ತರ ಅಜ್ಜ ಏನೂ ಮಾಡದೆ ತೂಕ ಇಳಿಯುತ್ತಿದ್ದರೆ ಅದು ಸಂತೋಷದ ವಿಷಯವಲ್ಲ, ತಪಾಸಣೆ ಮಾಡಿಸಿ.

ಹಾಗಾದರೆ ಜಾಸ್ತಿ ಇರುವವರು ಎಷ್ಟು ಇಳಿಸಬೇಕು ಅಂತ ಕೇಳುತ್ತೀರಿ. ಇರುವ ತೂಕದ ನೂರಕ್ಕೆ ಐದರಿಂದ ಹತ್ತು ಪಾಲು ಇಳಿದರೂ ಸಕ್ಕರೆ, ಬಿಪಿಯಲ್ಲಿ ಒಳ್ಳೆಯದು ಕಾಣುತ್ತದೆ. 80 ಕೆ.ಜಿ. ಇದ್ದವರಿಗೆ ನಾಲ್ಕರಿಂದ ಎಂಟು ಕೆ.ಜಿ. ಒಂದೇ ತಿಂಗಳಲ್ಲಿ ಅಲ್ಲ. ಯಂತ್ರದ ಅಂಕಿ ಇಳಿಯದಿದ್ದರೆ ಕೈ ಚೆಲ್ಲಬೇಡಿ. ಚೆನ್ನೈನ ಡಾ. ರಾಮಚಂದ್ರನ್ ಅವರ ತಂಡ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರ ಮೇಲೆ ಒಂದು ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿತು. ಒಂದು ಗುಂಪಿಗೆ ನಡಿಗೆ ಮತ್ತು ಊಟದ ಸಲಹೆ ಕೊಟ್ಟು ಬೆನ್ನು ಹತ್ತಿ ನೋಡಿಕೊಂಡರು. ಮೂರು ವರ್ಷದಲ್ಲಿ ಆ ಗುಂಪಿನಲ್ಲಿ ಸಕ್ಕರೆ ಕಾಯಿಲೆಗೆ ತಿರುಗುವ ಸಾಧ್ಯತೆ ನೂರಕ್ಕೆ 28.5ರಷ್ಟು ಕಡಿಮೆಯಾಯಿತು. ತೂಕ ಮಾತ್ರ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ನಡಿಗೆಯ ಫಲ ಮೈಯೊಳಗೆ ಆಗುತ್ತಿತ್ತು, ಯಂತ್ರಕ್ಕೆ ಅದು ಕಾಣಲಿಲ್ಲ.

ತೂಗುವ ಕ್ರಮ ಇಷ್ಟೇ. ವಾರಕ್ಕೆ ಒಂದು ದಿನ, ಬೆಳಿಗ್ಗೆ ಎದ್ದು ಶೌಚಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ. ಯಂತ್ರ ಗಟ್ಟಿ ನೆಲದ ಮೇಲಿರಲಿ, ಚಾಪೆಯ ಮೇಲೆ ಬೇಡ. ದಿನಾ ತೂಗಿದರೆ ನೀರು, ಉಪ್ಪು, ಊಟದಿಂದಲೇ ಒಂದೆರಡು ಕೆ.ಜಿ. ಆಚೆ ಈಚೆ ಆಗುತ್ತದೆ, ಸುಮ್ನೆ ತಲೆಬಿಸಿ.

ಈಗ ನಾನು ತಂದಿರುವ ಹೂವು ಕಟ್ಟುವ ದಾರದ ಉಂಡೆ ಕೈಯಿಂದ ಕೈಗೆ ಬರುತ್ತದೆ. ಕತ್ತರಿಯೂ ಬರುತ್ತದೆ. ಪಕ್ಕದವರ ಸಹಾಯದಿಂದ ನಿಮ್ಮ ಎತ್ತರದಷ್ಟು ದಾರ ಕತ್ತರಿಸಿಕೊಳ್ಳಿ. ಅಂಗಾಲಿನಿಂದ ನೆತ್ತಿಯವರೆಗೆ. ಅದನ್ನು ಸರಿಯಾಗಿ ಎರಡಾಗಿ ಮಡಚಿ. ಕೆಳಗಿನ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ತುದಿ ಎರಡನ್ನೂ ಬೆರಳಲ್ಲಿ ಮುಟ್ಟಿ ನೋಡಿ, ಅವೆರಡರ ನಡುವೆ ಆ ಮಡಚಿದ ದಾರವನ್ನು ಸುತ್ತಿ. ಪ್ಯಾಂಟಿನ ಬೆಲ್ಟ್ ಇರುವ ಜಾಗವಲ್ಲ ಅದು. ನಮ್ಮ ಗಂಡಸರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ. ಅದಕ್ಕೆ ಹೊಟ್ಟೆ ಬಂದರೂ ಸೈಜ್ 34 ಹಾಗೇ ಇರುತ್ತದೆ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ಸಹಜವಾಗಿ ಉಸಿರು ಬಿಟ್ಟು ನಿಲ್ಲಿ. ದಾರದ ಎರಡು ತುದಿ ಸೇರಿದರೆ ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇದೆ ಅಂತ ಅರ್ಥ. ಸೇರದಿದ್ದರೆ, ತೂಕ ಎಷ್ಟೇ ಇರಲಿ, ಒಮ್ಮೆ ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ನೋಡಿಸಿ. ಟೇಪ್ ಇದ್ದರೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಇದು ನಮ್ಮ ತಜ್ಞರು ಹಾಕಿದ ಗೆರೆ.

ಹತ್ತು ನಿಮಿಷ ಸಭೆಯೆಲ್ಲ ದಾರದಲ್ಲೇ ಮುಳುಗಿತ್ತು. ನೋಡೋಕೆ ಸಣ್ಣಗಿದ್ದ ಒಬ್ಬ ಮೇಷ್ಟ್ರಿಗೆ ತುದಿ ಸೇರಲು ನಾಲ್ಕು ಬೆರಳು ಬೇಕಿತ್ತು. ದುಂಡಗಿದ್ದ ಒಬ್ಬ ಅಕ್ಕನಿಗೆ ತುದಿ ಸೇರಿ ಇನ್ನೂ ಒಂದು ಬೆರಳು ಉಳಿಯಿತು. ಮೇಷ್ಟ್ರು ದಾರವನ್ನು ಸುತ್ತಿ ಜೇಬಿಗೆ ಹಾಕಿಕೊಂಡು, ನಾಳೆ ಯಾವ ಹೊತ್ತಿಗೆ ಕ್ಲಿನಿಕ್ ತೆರೆದಿರುತ್ತೆ ಅಂತ ಕೇಳಿದರು.

ಹೊರಡುವಾಗ ಒಬ್ಬರು ಬಂದು, "ನಮ್ಮ ಯಜಮಾನ್ರು ಬರಲಿಲ್ಲ, ನನ್ನ ದಾರಾನೇ ಅವರಿಗೂ ಸುತ್ತಿ ನೋಡಬಹುದಾ?" ಅಂದರು. ಇಲ್ಲಮ್ಮ, ಅವರ ಎತ್ತರಕ್ಕೆ ಬೇರೆಯೇ ಕತ್ತರಿಸಬೇಕು ಅಂತ ಹೇಳಿ ಉಳಿದ ಉಂಡೆಯನ್ನು ಅವರ ಕೈಗೆ ಕೊಟ್ಟೆ.